ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುವ ಪುಸ್ತಕ: ಎಂ. ಆರ್. ಜೇಮ್ಸ್ ಕಥೆಗಳ ಸೀಮಿತ ಮುದ್ರಣ, ಹನ್ನೊಂದು ಚಳಿಗಾಲಗಳ ಬಳಕೆಯ ನಂತರ

ಪ್ರತಿ ವರ್ಷ ಡಿಸೆಂಬರ್ 24ರ ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಇಂಗ್ಲಿಷ್ ಲೇಖಕ ಎಂ. ಆರ್. ಜೇಮ್ಸ್ ಅವರ ಒಂದು ದೆವ್ವದ ಕಥೆಯನ್ನು ಗಟ್ಟಿಯಾಗಿ ಓದುತ್ತೇವೆ. ಈ ಓದಿಗೆಂದೇ 2014ರಲ್ಲಿ, ಅವರ ದೆವ್ವದ ಕಥೆಗಳನ್ನೆಲ್ಲ ಒಂದೇ ಸಂಪುಟದಲ್ಲಿ ಸೇರಿಸಿ ಕೆಲವೇ ನೂರು ಪ್ರತಿಗಳನ್ನು ಅಚ್ಚು ಹಾಕಿಸಿದ್ದ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನದಿಂದ 45 ಪೌಂಡ್ ಕೊಟ್ಟು ತರಿಸಿಕೊಂಡೆ. ನಾಲ್ಕನೆಯ ಚಳಿಗಾಲದಲ್ಲಿ, ‘ಓ, ವಿಸಲ್, ಅಂಡ್ ಐ’ಲ್ ಕಮ್ ಟು ಯೂ, ಮೈ ಲ್ಯಾಡ್’ ಎಂಬ ಶಿಳ್ಳೆಯ ಕಥೆಯಲ್ಲಿ, ಹಳೆಯ ಶಿಳ್ಳೆಯೊಂದನ್ನು ಊದಿದ ಪ್ರೊಫೆಸರು ತನ್ನ ಕೋಣೆಯ ಇನ್ನೊಂದು ಖಾಲಿ ಮಂಚದ ಕಡೆ ನೋಡುವ ಹೊತ್ತಿಗೆ ಸರಿಯಾಗಿ, ಎರಡು ಹಾಳೆಗಳು ಪುಸ್ತಕದ ಬೆನ್ನಿನಿಂದ ಕಳಚಿ ನನ್ನ ಮಡಿಲಿಗೆ ಬಿದ್ದವು. ಅರ್ಧ ಗಂಟೆಯಿಂದ ಕೋಣೆಯಲ್ಲಿ ಕಟ್ಟಿಕೊಂಡಿದ್ದ ಭಯ ಚದುರಿಹೋಯಿತು. ಹಾಳೆಗಳನ್ನು ಜೋಡಿಸಿಕೊಂಡು ಮೂರು ಸಾಲು ಹಿಂದಿನಿಂದ ಮತ್ತೆ ಓದಿದರೂ ಅದು ಮರಳಿ ಬರಲಿಲ್ಲ.

ಆ ಪ್ರಕಾಶನದ ಹೆಸರನ್ನು ನಾನು ಹೇಳುವುದಿಲ್ಲ. ಮುಂದೆ ಹೆಸರಿಸಲಿರುವ ಯಾವ ಪ್ರಕಾಶನವೂ ಅದಲ್ಲ. ಯಾವ ಕಥೆಗಳಿವೆ, ಎಷ್ಟು ಪುಟಗಳಿವೆ ಎಂಬ ವಿವರಗಳಿಗೂ ಹೋಗುವುದಿಲ್ಲ. ಜೇಮ್ಸ್ 1936ರಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ ಎಪ್ಪತ್ತು ವರ್ಷ ಇರುವುದರಿಂದ 2007ರಿಂದ ಅವರ ಕಥೆಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಫೋನಿನಲ್ಲಿ ಬಿಡಿಗಾಸಿಲ್ಲದೆ ಓದಬಹುದು. ಹೀಗಿರುವಾಗ ಒಬ್ಬ ಓದುಗ 45 ಪೌಂಡ್ ಕೊಡುವುದು ಕಥೆಗಲ್ಲ, ಪುಸ್ತಕಕ್ಕೆ. ಆದ್ದರಿಂದ ಅದನ್ನು ಪುಸ್ತಕವಾಗಿಯೇ ಅಳೆಯಬೇಕು ಎನ್ನುವುದು ನನ್ನ ನಿಲುವು.

ಈ ಕಥೆಗಳು ಹುಟ್ಟಿದ್ದೇ ಗಟ್ಟಿಯಾಗಿ ಓದುವುದಕ್ಕೆ. 1893ರ ಅಕ್ಟೋಬರ್ 28ರಂದು ಕೇಂಬ್ರಿಜ್‌ನ ಚಿಟ್‌ಚಾಟ್ ಸೊಸೈಟಿ ಎಂಬ ಪುಟ್ಟ ಗೆಳೆಯರ ಕೂಟದಲ್ಲಿ ಜೇಮ್ಸ್ ತಮ್ಮ ಮೊದಲ ಎರಡು ಕಥೆಗಳನ್ನು ಓದಿದರು. ಆಮೇಲೆ ಕಿಂಗ್ಸ್ ಕಾಲೇಜಿನ ತಮ್ಮ ಕೋಣೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರನ್ನು ಕೂರಿಸಿಕೊಂಡು ಓದುವುದು ರೂಢಿಯಾಯಿತು. ಇನ್ನೂ ಶಾಯಿ ಆರದ ಹಸ್ತಪ್ರತಿಯನ್ನು ಹಿಡಿದು ಮಲಗುವ ಕೋಣೆಯಿಂದ ಹೊರಬಂದು, ಒಂದನ್ನು ಬಿಟ್ಟು ಉಳಿದ ಮೋಂಬತ್ತಿಗಳನ್ನೆಲ್ಲ ಊದಿ ಆರಿಸಿ, ಆ ಒಂದರ ಬೆಳಕಿನಲ್ಲಿ ಓದಲು ಕೂರುತ್ತಿದ್ದರು ಎಂದು ಕೇಳಿದವರು ನೆನೆದಿದ್ದಾರೆ. 1904ರಲ್ಲಿ ಮೊದಲ ಸಂಕಲನ ಪುಸ್ತಕವಾಗಿ ಬಂದದ್ದಕ್ಕೂ ಈ ಗೆಳೆತನವೇ ಕಾರಣ: ಅದಕ್ಕೆ ಚಿತ್ರ ಬರೆಯುತ್ತಿದ್ದ ಗೆಳೆಯ ಜೇಮ್ಸ್ ಮ್ಯಾಕ್‌ಬ್ರೈಡ್ ನಾಲ್ಕು ಚಿತ್ರಗಳನ್ನಷ್ಟೇ ಮುಗಿಸಿ ಅದೇ ವರ್ಷ ತೀರಿಕೊಂಡಿದ್ದರಿಂದ, ಆ ಪುಸ್ತಕ ಅವರ ನೆನಪಿನ ಕಾಣಿಕೆಯಾಯಿತು. ಇಂಥ ಕಥೆಗಳ ಪುಸ್ತಕಕ್ಕೆ ಇರಬೇಕಾದ ಮೊದಲ ಗುಣ, ಮಂದ ಬೆಳಕಿನಲ್ಲಿ ತೆರೆದಿಟ್ಟರೆ ತೆರೆದ ಹಾಗೆಯೇ ಇರುವುದು.

ನಮ್ಮ ಏರ್ಪಾಡು ಹೀಗಿದೆ. ನಾವು ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿದ್ದೇವೆ, ಜೇಮ್ಸ್ ಬೆಳೆದ ಗ್ರೇಟ್ ಲಿವರ್‌ಮಿಯರ್ ಗ್ರಾಮವೂ ಇದೇ ಸಫೋಕ್ ಪ್ರಾಂತ್ಯದ್ದು. ಶಿಳ್ಳೆಯ ಕಥೆಯ ಕಡಲತೀರಕ್ಕೆ ಫೆಲಿಕ್ಸ್‌ಸ್ಟೋ ಊರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಎಂದು ಜೇಮ್ಸ್ ಅವರೇ 1931ರ ಸಮಗ್ರ ಸಂಪುಟದ ಮುನ್ನುಡಿಯಲ್ಲಿ ತಿಳಿಸಿದ್ದಾರೆ, ಆ ಊರು ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. 24ರ ಮಧ್ಯಾಹ್ನ ಅಲ್ಲಿಗೆ ಹೋಗಿ, ಅಲೆ ತಡೆಯಲು ಮರಳಿನಲ್ಲಿ ಸಾಲಾಗಿ ನೆಟ್ಟ ದಿಮ್ಮಿಗಳ ಪಕ್ಕದಲ್ಲಿ ಕತ್ತಲಾಗುವವರೆಗೆ ನಡೆದು ಬರುತ್ತೇವೆ. ಆ ತಿಂಗಳಲ್ಲಿ ಕತ್ತಲೆ ನಾಲ್ಕು ಗಂಟೆಗೇ ಬಂದುಬಿಡುತ್ತದೆ. ಮನೆಗೆ ಬಂದು ಸಾರು-ಅನ್ನ ಉಂಡು, ನಡುಮನೆಯ ದೀಪಗಳನ್ನು ಆರಿಸಿ, ಒಂದು ಮೇಜಿನ ದೀಪ ಮಾತ್ರ ಉಳಿಸುತ್ತೇವೆ. ಕೋಡುಬಳೆಯ ತಟ್ಟೆಯನ್ನು ಕಥೆ ಮುಗಿಯುವವರೆಗೆ ಅಡುಗೆಮನೆಯಲ್ಲೇ ಇಡಬೇಕೆಂಬುದು ನನ್ನ ಮಗಳು ಏಳು ವರ್ಷದವಳಿದ್ದಾಗ ಮಾಡಿದ ನಿಯಮ, ಏಕೆಂದರೆ ಯಾರಾದರೂ ಕಟುಂ ಎಂದು ಕಡಿದರೆ ಒಂದು ವಾಕ್ಯವೇ ಕೇಳದೆ ಹೋಗುತ್ತದೆ. ಅಜ್ಜ ಭಾರತ ಓದುತ್ತಿದ್ದ ಹಲಸಿನ ಮರದ ವ್ಯಾಸಪೀಠವನ್ನು ಊರಿನಿಂದ ತಂದಿದ್ದೇನೆ. ಪುಸ್ತಕವನ್ನು ಅದರ ಮೇಲಿಟ್ಟು, ಎರಡೂ ಕೈ ಬಿಟ್ಟು, ಕೇಳುವವರ ಮುಖ ನೋಡುತ್ತ ಓದಬೇಕೆಂಬುದು ನನ್ನ ಆಸೆಯಾಗಿತ್ತು.

ಈ ಪುಸ್ತಕ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ವ್ಯಾಸಪೀಠದ ಮೇಲಿಟ್ಟು ಕೈ ತೆಗೆದರೆ ಸಾಕು, ಹಾಳೆಗಳು ಸರಸರನೆ ಹಿಂದಕ್ಕೆ ಬಂದು ಮುಚ್ಚಿಕೊಳ್ಳುತ್ತಿದ್ದವು. ಎಡಗಡೆ ಒಂದು ಉದ್ದಿನಬೇಳೆಯ ಡಬ್ಬಿ, ಬಲಗಡೆ ನನ್ನ ಹೆಬ್ಬೆರಳು ಇಟ್ಟುಕೊಂಡು ಮೂರು ಚಳಿಗಾಲ ದೂಡಿದೆ. ಮೊದಲು ಹೊಸ ಪುಸ್ತಕದ ಬಿಗುವು ಇರಬೇಕು, ಓದುತ್ತ ಓದುತ್ತ ಸಡಿಲವಾಗುತ್ತದೆ ಎಂದುಕೊಂಡಿದ್ದೆ. 2017ರ ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದ ಅಮ್ಮ, ಹಾಳೆ ಬಿದ್ದ ಆ ರಾತ್ರಿ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಬೆನ್ನಿನ ಮೇಲ್ತುದಿಯನ್ನು ದೀಪದ ಹತ್ತಿರ ಹಿಡಿದು ನೋಡಿ, “ಇದಕ್ಕೆ ಹೊಲಿಗೆಯೇ ಹಾಕಿಲ್ಲವಲ್ಲೋ, ಬರೀ ಅಂಟು” ಎಂದರು. ಅಜ್ಜನ ಪುಸ್ತಕಗಳನ್ನು ಅರವತ್ತು ವರ್ಷ ಬಿಸಿಲಿಗಿಟ್ಟು, ಒರೆಸಿ, ಜೋಡಿಸಿದ ಕಣ್ಣು ಅವರದು.

ಇಂಥ ಪುಸ್ತಕ ಕೊಳ್ಳುವವರು ಅಮ್ಮ ನೋಡಿದ ಹಾಗೆ ನೋಡಬೇಕು. ಹೊಲಿದ ಪುಸ್ತಕದಲ್ಲಿ ದೊಡ್ಡ ಹಾಳೆಯನ್ನು ಮಡಚಿ ಮಾಡಿದ ಫಾರಂಗಳು ಇರುತ್ತವೆ. ಬೆನ್ನಿನ ಮೇಲ್ತುದಿಯಲ್ಲಿ ಸಣ್ಣ ಸಣ್ಣ ಮಡಿಕೆಗಳ ಸಾಲು ಕಾಣುತ್ತದೆ, ಫಾರಂನ ನಡುಪುಟ ತೆರೆದರೆ ದಾರವೂ ಕಾಣುತ್ತದೆ. ಅಂಟಿಸಿದ ಪುಸ್ತಕದಲ್ಲಿ ಮಡಿಕೆಯನ್ನು ಕತ್ತರಿಸಿ ಬಿಡಿಹಾಳೆಗಳನ್ನು ಮಾಡಿ, ಬೆನ್ನಿಗೆ ಬಿಸಿ ಅಂಟು ಬಳಿದಿರುತ್ತಾರೆ. ಆ ಅಂಟು ಆರಿ ಗಡುಸಾದಾಗ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ, ಬಲವಂತವಾಗಿ ತೆರೆದರೆ ಬಿರುಕು ಬಿಡುತ್ತದೆ. ಮೇಲೆ ಬಟ್ಟೆಯ ರಟ್ಟು, ಚಿನ್ನದ ಬಣ್ಣದ ಅಕ್ಷರ, ಪುಟ ಗುರುತಿಗೆ ರೇಷ್ಮೆಯ ರಿಬ್ಬನ್ ಎಲ್ಲ ಇದ್ದು, ಒಳಗೆ ರೈಲು ನಿಲ್ದಾಣದ ಕಾದಂಬರಿಯ ಬೈಂಡಿಂಗ್ ಇದ್ದರೆ ಅದು ಓದುಗನಿಗೆ ಮಾಡಿದ ಅನ್ಯಾಯ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ನನ್ನ ಪುಸ್ತಕದ ಖರ್ಚು ವರ್ಷಕ್ಕೆ ಇಂಥದ್ದೊಂದು ಸಂಪುಟ ಕೊಳ್ಳುವಷ್ಟೇ. ಆ ಒಂದನ್ನು ಆರಿಸುವುದಕ್ಕೆ ನಾನು ತಿಂಗಳುಗಟ್ಟಲೆ ಯೋಚಿಸಿರುತ್ತೇನೆ.

ಆದರೂ ಅದನ್ನು ಹಿಂದಿರುಗಿಸುವ ಮನಸ್ಸಾಗಲಿಲ್ಲ. ಕಾರಣ, ಅದರ ಟಿಪ್ಪಣಿಗಳು. ಶಿಳ್ಳೆಯ ಕಥೆಯಲ್ಲಿ ಪ್ರೊಫೆಸರಿಗೆ ಸಿಗುವ ಹಳೆಯ ಲೋಹದ ಶಿಳ್ಳೆಯ ಮೇಲೆ ಎರಡು ಲ್ಯಾಟಿನ್ ಬರಹಗಳಿವೆ. ಒಂದರ ಅರ್ಥ ಸುಲಭ: “ಬರುತ್ತಿರುವ ಇವನು ಯಾರು?” ಇನ್ನೊಂದು ಬಿಡಿ ಬಿಡಿ ಅಕ್ಷರಗುಚ್ಛಗಳ ಒಗಟು: ಮೇಲೆ ‘ಫ್ಲಾ’, ನಡುವೆ ‘ಫುರ್’ ಮತ್ತು ‘ಬಿಸ್’, ಕೆಳಗೆ ‘ಫ್ಲೆ’. ನಡುವಿನ ‘ಫುರ್’ ಅನ್ನು ಬಿಡಿಯಾಗಿ ಇಟ್ಟುಕೊಂಡು, ‘ಬಿಸ್’ ಅನ್ನು ಮೇಲಿನದರ ಜೊತೆಗೂ ಕೆಳಗಿನದರ ಜೊತೆಗೂ ಕೂಡಿಸಿ ಓದಿದರೆ “ಕಳ್ಳಾ, ನೀನು ಊದುವೆ, ನೀನು ಅಳುವೆ” ಎಂಬ ಅರ್ಥ ಹೊರಡುತ್ತದೆ ಎನ್ನುವುದು ಅಭಿಮಾನಿಗಳಲ್ಲಿ ಹೆಚ್ಚು ಜನ ಒಪ್ಪುವ ಓದು. ನಾನು ಹಿಂದೆ ಓದಿದ್ದ ಅಗ್ಗದ ಪ್ರತಿಯಲ್ಲಿ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಉದ್ದಕ್ಕೆ ಜೋಡಿಸಿದ್ದರು. ಅಲ್ಲಿಗೆ ಒಗಟು ಸತ್ತುಹೋಗಿತ್ತು. ಈ ಸಂಪುಟದಲ್ಲಿ ಅವು ಇರಬೇಕಾದ ಜಾಗದಲ್ಲಿ ಇವೆ, ಟಿಪ್ಪಣಿ ಅದೇ ಪುಟದ ಅಡಿಯಲ್ಲಿದೆ. ಓದುತ್ತ ಪುಸ್ತಕದ ಕೊನೆಯ ಪುಟಗಳಲ್ಲಿ ತಡಕಾಡಬೇಕಾಗಿಲ್ಲ, ಕಣ್ಣು ಒಂದು ಸಲ ಕೆಳಗಿಳಿದು ಬಂದರೆ ಸಾಕು. ಇಂಗ್ಲಿಷ್ ಬಾರದ ಅಮ್ಮನಿಗೆ ಪ್ಯಾರಾ ಪ್ಯಾರಾಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೆ. ಆತ ರಾತ್ರಿ ಕೋಣೆಯಲ್ಲಿ ಶಿಳ್ಳೆ ಊದುವ ಜಾಗ ಬಂದಾಗ ಅವರು, “ರಾತ್ರಿ ಹೊತ್ತು ಶಿಳ್ಳೆ ಹಾಕಬಾರದು ಅಂತ ಆ ಮನುಷ್ಯನಿಗೆ ಹೇಳುವವರು ಯಾರೂ ಇರಲಿಲ್ಲವಾ?” ಎಂದು ತೀರ ಕಳವಳದಿಂದ ಕೇಳಿದರು. ಶಿಳ್ಳೆ ಹಾಕಿದರೆ ಮನೆಗೆ ಹಾವು ಬರುತ್ತದೆ ಎಂದು ನನ್ನನ್ನು ಗದರಿಸಿ ಬೆಳೆಸಿದವರು ಅವರು. ಕೇಂಬ್ರಿಜ್‌ನ ಆ ಕೋಣೆಯಲ್ಲಿ ಕೂತಿದ್ದವರಿಗಿಂತಲೂ ಬೇಗ ಅಮ್ಮನಿಗೆ ಕಥೆ ಅರ್ಥವಾಯಿತು ಎಂದು ನಾನು ನಂಬಿದ್ದೇನೆ.

ಜನವರಿಯಲ್ಲಿ ಪ್ರಕಾಶಕರಿಗೆ ಸ್ವಲ್ಪ ಖಾರವಾಗಿಯೇ ಪತ್ರ ಬರೆದೆ. ಹತ್ತು ದಿನದಲ್ಲಿ ಕೈಬರಹದ ಉತ್ತರ ಬಂತು. ಬೇರೆ ಉದ್ಯೋಗದಲ್ಲಿದ್ದುಕೊಂಡು ಸಂಜೆಯ ಬಿಡುವಿನಲ್ಲಿ ಒಬ್ಬರೇ ನಡೆಸುವ ಪ್ರಕಾಶನ ಅದು. ಕರಡು ತಿದ್ದುವವರೂ ಪಾರ್ಸೆಲ್ ಕಟ್ಟುವವರೂ ಅವರೇ. ಅಷ್ಟು ಕಡಿಮೆ ಪ್ರತಿಗಳಿಗೆ ಹೊಲಿಗೆ ಹಾಕಿಸಲು ಹಣ ಸಾಲದೆ ಅಂಟಿನ ಬೈಂಡಿಂಗ್ ಒಪ್ಪಿಕೊಂಡೆ, ಅದನ್ನು ಜಾಹೀರಾತಿನಲ್ಲಿ ಹೇಳದಿದ್ದದ್ದು ತಪ್ಪು ಎಂದು ನೇರವಾಗಿ ಬರೆದಿದ್ದರು. ಬದಲಿ ಕೊಡಲು ಒಂದು ಪ್ರತಿಯೂ ಉಳಿದಿರಲಿಲ್ಲವಾದ್ದರಿಂದ ಬೈಂಡಿಂಗ್ ಖರ್ಚಿಗೆ 20 ಪೌಂಡಿನ ಚೆಕ್ ಇಟ್ಟಿದ್ದರು. ಟಿಪ್ಪಣಿ ಬರೆಯಲು ಅವರಿಗೆ ಆರು ವರ್ಷ ಹಿಡಿದಿತ್ತಂತೆ. ಆ ಪತ್ರ ಓದಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ, ದೂರು ಮಾತ್ರ ಉಳಿದಿದೆ.

ಊರಿನ ಬೈಂಡರ್ ಒಬ್ಬರು ಪುಸ್ತಕವನ್ನು ಬಿಚ್ಚಿ ನೋಡಿ, ಮಡಿಕೆಗಳನ್ನೇ ಕತ್ತರಿಸಿರುವುದರಿಂದ ಈಗ ಫಾರಂ ಹೊಲಿಗೆ ಸಾಧ್ಯವಿಲ್ಲ, ಅಂಚಿನಲ್ಲಿ ಚುಚ್ಚಿ ಹೊಲಿದರೆ ಇನ್ನೂ ಬಿಗಿಯಾಗುತ್ತದೆ ಎಂದರು. ಹಳೆಯ ಅಂಟನ್ನೆಲ್ಲ ಕೆರೆದು, ಹಾಳೆಗಳ ಕಟ್ಟನ್ನು ಬೀಸಣಿಗೆಯಂತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗಿಸಿ, ಒಣಗಿದರೂ ಬಳುಕುವ ಬಿಳಿ ಅಂಟನ್ನು ತೆಳ್ಳಗೆ ಬಳಿದು, ಬೆನ್ನಿಗೆ ಜಾಳುಬಟ್ಟೆ ಹಚ್ಚಿಕೊಟ್ಟರು. 60 ಪೌಂಡ್ ಆಯಿತು. ದೋಷ ಅಂಟಿನದಲ್ಲ, ಗಡಸು ಅಂಟಿನದು ಎಂದು ಆಗ ತಿಳಿಯಿತು. ಇದರಿಂದ ಮರುಮಾರಾಟದ ಬೆಲೆ ಬಿದ್ದುಹೋಗುತ್ತದೆ ಎಂದು ಒಬ್ಬ ಸಂಗ್ರಾಹಕ ಮಿತ್ರರು ಬೇಸರಪಟ್ಟರು. ಅವರ ಕಪಾಟಿನಲ್ಲಿ ಇಂಥ ಪುಸ್ತಕಗಳು ಪಾರದರ್ಶಕ ಹಾಳೆಯಲ್ಲಿ ಸುತ್ತಿಟ್ಟ ಹಾಗೆಯೇ ಇವೆ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಯಾರೂ ಓದಿ ಕೇಳಿಸದ ಪುಸ್ತಕ ನನಗೆ ಬೇಡ.

ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಮಾತು. ಯಾರ್ಕ್‌ಷೈರಿನ ಟಾರ್ಟರಸ್ ಪ್ರೆಸ್ 1990ರಿಂದ ನಡೆಯುತ್ತಿದೆ. ಕೆನೆಬಣ್ಣದ ಹೊದಿಕೆಯ ಅವರ ಗಟ್ಟಿ ರಟ್ಟಿನ ಪುಸ್ತಕಗಳಿಗೆ ಹೊಲಿಗೆ ಇರುತ್ತದೆ, ವ್ಯಾಸಪೀಠದ ಮೇಲೆ ಅವು ಸೊಗಸಾಗಿ ಒರಗುತ್ತವೆ. ಕ್ರಿಸ್ಟೋಫರ್ ಮತ್ತು ಬಾರ್ಬರಾ ರೋಡನ್ ದಂಪತಿ 1994ರಲ್ಲಿ ಆರಂಭಿಸಿ ಮುಂದೆ ಕೆನಡಾಕ್ಕೆ ಕೊಂಡೊಯ್ದ ಆ್ಯಶ್-ಟ್ರೀ ಪ್ರೆಸ್, 2001ರಲ್ಲಿ ಜೇಮ್ಸ್ ಅವರ ಅಲೌಕಿಕ ಬರಹಗಳನ್ನೆಲ್ಲ ಒಂದೇ ದೊಡ್ಡ ಸಂಪುಟದಲ್ಲಿ ತಂದಿತು; ಈಗ ಅದು ಹಳೆಯ ಪುಸ್ತಕದಂಗಡಿಗಳಲ್ಲಿ ನನ್ನ ಕೈಗೆ ಎಟುಕದ ಬೆಲೆಗೆ ಮಾರಾಟವಾಗುತ್ತದೆ. ಜೇಮ್ಸ್ ಓದನ್ನು ಎದುರಿಗೇ ಕೂತು ಕೇಳಿದ್ದ ಪಾದ್ರಿ ಇ. ಜಿ. ಸ್ವೇನ್ 1912ರಲ್ಲಿ ತಂದ ಕಥೆಗಳು, ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕೈದಿ ಶಿಬಿರದಲ್ಲಿದ್ದಾಗ ಎ. ಎನ್. ಎಲ್. ಮನ್ಬಿ ಬರೆದು 1949ರಲ್ಲಿ ಪುಸ್ತಕವಾದ ಕಥೆಗಳು, ಇವೆಲ್ಲ ಮರೆತುಹೋಗದೆ ಉಳಿದಿರುವುದರಲ್ಲಿ ಇಂಥ ಮನೆಮಟ್ಟದ ಪ್ರಕಾಶಕರ ಪಾಲು ದೊಡ್ಡದು.

ಹಣ ಕಡಿಮೆ ಇದ್ದರೆ ರೋಸ್‌ಮೇರಿ ಪಾರ್ಡೋ 1979ರಲ್ಲಿ ಶುರು ಮಾಡಿದ ‘ಗೋಸ್ಟ್ಸ್ ಅಂಡ್ ಸ್ಕಾಲರ್ಸ್’ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ. ಜೇಮ್ಸ್ ಮಾದರಿಯ ಹೊಸ ಕಥೆಗಳು, ಒಂದು ಹೆಸರು, ಒಂದು ಚರ್ಚು, ಒಂದು ಲ್ಯಾಟಿನ್ ಸಾಲಿನ ಬೆನ್ನು ಹತ್ತಿದ ಲೇಖನಗಳು ಅದರಲ್ಲಿವೆ. ನನ್ನಲ್ಲಿರುವ ತೆಳು ಸಂಚಿಕೆಗಳನ್ನು ನಡುವೆ ಎರಡು ಪಿನ್ ಹೊಡೆದು ಮಡಚಿದ್ದಾರೆ, ಅಷ್ಟೇ. ಮೇಜಿನ ಮೇಲಿಟ್ಟರೆ ಚಾಪೆಯ ಹಾಗೆ ಮಲಗುತ್ತವೆ.

ನನ್ನ ಸಂಪುಟಕ್ಕೆ ಒಟ್ಟು 105 ಪೌಂಡ್ ಬಿದ್ದಿತು, ಅದರಲ್ಲಿ 20 ವಾಪಸು ಬಂತು. ಬೈಂಡರ್ ಹೊಸ ಅಂಟಿಗಾಗಿ ಬೆನ್ನಿನ ಕಡೆ ಕೊಂಚ ಕತ್ತರಿಸಿದ್ದರಿಂದ ಒಳಅಂಚು ಕಿರಿದಾಗಿದೆ. ಕೆಲವು ಪುಟಗಳಲ್ಲಿ ಸಾಲಿನ ಕೊನೆಯ ಅಕ್ಷರ ಓದಲು ತಲೆ ಸ್ವಲ್ಪ ಓರೆ ಮಾಡಬೇಕು. ಹೋದ ಡಿಸೆಂಬರಿನಲ್ಲಿ ಮಗಳು ಮೊದಲ ಸಲ ತಾನೇ ಓದುತ್ತೇನೆಂದು ಕೂತಳು. ಪುಸ್ತಕವನ್ನು ಅಜ್ಜನ ವ್ಯಾಸಪೀಠದ ಮೇಲೆ ತೆರೆದಿಟ್ಟು, ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡು, “ದೀಪ ಇನ್ನೂ ಸ್ವಲ್ಪ ಈ ಕಡೆ ಸರಿಸಪ್ಪ” ಎಂದಳು. ಮುಕ್ಕಾಲು ಗಂಟೆ ಓದಿದಳು. ಪುಟ ತಿರುಗಿಸುವಾಗ ಹೊರತು ಪುಸ್ತಕವನ್ನು ಮುಟ್ಟಬೇಕಾಗಲಿಲ್ಲ.