ಮುಂಬೈ–ಬೀದರ್ ಸ್ಲೀಪರ್ ಬಸ್: ಗಡಿನಾಡಿನವರ ಕಣ್ಣಲ್ಲಿ

ಕರ್ನಾಟಕದ ಉತ್ತರ ತುದಿಯಲ್ಲಿರುವ ಔರಾದ್ ತಾಲ್ಲೂಕಿನವರಿಗೆ ರಾಜಧಾನಿ ಬೆಂಗಳೂರಿಗಿಂತ ಮುಂಬೈಯೇ ಹತ್ತಿರ. ಆದರೂ ರಸ್ತೆಯ ದಾರಿ ಸುಮಾರು 600 ಕಿಲೋಮೀಟರ್ ಆಗುವುದರಿಂದ, ಮುಂಬೈಯಲ್ಲಿ ದುಡಿಯುವ ನಮ್ಮವರಿಗೆ ಊರಿನ ಮದುವೆ, ಜಾತ್ರೆ, ಸಾವು ಎಲ್ಲವೂ ಈ ರಾತ್ರಿ ಬಸ್ಸನ್ನೇ ನೆಚ್ಚಿಕೊಂಡಿವೆ.

ಮುಂಬೈಯ ಚೆಂಬೂರಿನಲ್ಲಿ ಸಂಜೆ ಹತ್ತಿದರೆ ಬಸ್ಸು ಭೋರ್ ಘಾಟ್ ಏರಿ, ಪುಣೆ ದಾಟಿ, ಅಲ್ಲಿಂದ ಸುಮಾರು 250 ಕಿಲೋಮೀಟರ್ ದೂರದ ಸೊಲ್ಲಾಪುರವನ್ನು ನಡುರಾತ್ರಿಯ ನಂತರ ಮುಟ್ಟುತ್ತದೆ. ಚಾಲಕರು ಘಾಟಿನ ತಿರುವುಗಳಲ್ಲಿ ತೋರಿಸಿದ ತಾಳ್ಮೆ ನಿಜಕ್ಕೂ ಮೆಚ್ಚತಕ್ಕದ್ದು. ಹಾಸಿಗೆ ಸ್ವಚ್ಛವಾಗಿತ್ತು; ಪರದೆಯ ಕೊಂಡಿಗಳು ಮಾತ್ರ ಕಿತ್ತುಹೋಗಿ, ಎದುರು ಬರುವ ಲಾರಿಗಳ ಬೆಳಕು ನೇರವಾಗಿ ಮುಖಕ್ಕೆ ಬೀಳುತ್ತಿತ್ತು. ಉಮರ್ಗಾ ದಾಟಿದ ಮೇಲೆ ಸಹಾಯಕ ಹುಡುಗ ಪ್ರತಿ ಬರ್ತಿನ ಬಳಿ ಬಂದು, ಇಳಿಯುವ ಊರಿನ ಹೆಸರು ಹೇಳಿ, ಬೀದರಿನ ಕನ್ನಡದಲ್ಲೇ ಮೆಲ್ಲಗೆ ಎಬ್ಬಿಸುತ್ತಾನೆ. ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಧೈರ್ಯವಿಲ್ಲ.

ನನ್ನ ದೂರು ಕೊನೆಯ ಹಂತದ್ದು. ಟಿಕೆಟ್ಟಿನಲ್ಲಿ ಔರಾದ್ ಎಂದು ಬರೆದು ಹಣ ಪಡೆದ ಮೇಲೂ ನಮ್ಮನ್ನು ಬೀದರಿನಲ್ಲೇ ಇಳಿಸಿದರು. ಉಳಿದ ನಲವತ್ತಕ್ಕೂ ಹೆಚ್ಚು ಕಿಲೋಮೀಟರುಗಳಿಗೆ ಕೈಗೂಸನ್ನೂ ಚೀಲಗಳನ್ನೂ ಹೊತ್ತ ತಾಯಂದಿರು ಬೆಳಗಿನ ಮೊದಲ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾಯಬೇಕಾಯಿತು. ದೂರದ ಊರಿನವರಿಗೆ ಪ್ರಯಾಣದ ಕಷ್ಟವೆಲ್ಲ ಇರುವುದು ಈ ತುದಿಯಲ್ಲೇ. ಮಾಲೀಕರು ಔರಾದಿಗೊಂದು ಸಂಪರ್ಕ ವಾಹನ ಗೊತ್ತುಮಾಡಲಿ, ಇಲ್ಲವೇ ಬೀದರಿನವರೆಗಿನ ದರವನ್ನಷ್ಟೇ ಪಡೆಯಲಿ. ಬೀದರ್, ಹುಮನಾಬಾದ್, ಬಸವಕಲ್ಯಾಣಗಳಿಗೆ ಹೋಗುವವರು ನಿಶ್ಚಿಂತೆಯಿಂದ ಈ ಬಸ್ಸನ್ನೇ ಆರಿಸಿಕೊಳ್ಳಬಹುದು.