ನೆರೆ ಇಳಿದ ಗೋಡೆಗೆ ಆತುರದ ಬಣ್ಣ ಬೇಡ

ನೆರೆ ಇಳಿದ ಊರಿಗೆ ನೆರವಿನ ತಂಡ ಬರುತ್ತದೆ. ಎರಡು ದಿನದಲ್ಲಿ ಹೂಳು ಹೊರಗೆ, ಎರಡು ವಾರದಲ್ಲಿ ಪುಟ್ಟಿ, ಬಣ್ಣ, ಹೊಸ ಪ್ಲೈವುಡ್ ಕಪಾಟು. ಅಂಗಡಿ ಬಾಗಿಲು ತೆರೆದಾಗ ಎಲ್ಲರಿಗೂ ಸಮಾಧಾನ. ಕೆಲವೇ ತಿಂಗಳಲ್ಲಿ ಅದೇ ಬಣ್ಣ ಗುಳ್ಳೆ ಎದ್ದು ಕಿತ್ತುಬರುತ್ತದೆ, ಗೋಡೆಯಿಂದ ಬಿಳಿ ಉಪ್ಪು ಉದುರುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಬ್ಬಿ ದಾಸ್ತಾನು ಎರಡನೇ ಸಲ ಹಾಳಾಗುತ್ತದೆ. ಅಷ್ಟರಲ್ಲಿ ತಂಡ ಹೊರಟುಹೋಗಿರುತ್ತದೆ, ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ಮೊದಲ ಏಟನ್ನು ತಡೆದುಕೊಂಡ ಅಂಗಡಿಯವರೂ ಈ ಎರಡನೆಯದಕ್ಕೆ ಕೈಚೆಲ್ಲುತ್ತಾರೆ. ಇದು ನೀರಿನ ತಪ್ಪಲ್ಲ, ಅವಸರದ ತಪ್ಪು.

ಇಟ್ಟಿಗೆ ಗೋಡೆ ಸ್ಪಂಜಿನಂತೆ ನೀರು ಹೀರುತ್ತದೆ. ಮೇಲ್ಮೈ ವಾರದೊಳಗೆ ಒಣಗಿದಂತೆ ಕಂಡರೂ ಒಳಗೆ ತೇವ ಹಾಗೇ ಕೂತಿರುತ್ತದೆ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎನ್ನುವುದು ಒರಟು ಲೆಕ್ಕ. 9 ಇಂಚಿನ ಗೋಡೆಗೆ ಎಷ್ಟು ಕಾಯಬೇಕೆಂದು ನೀವೇ ಎಣಿಸಿ. ಅದರ ಮೇಲೆ ಎಣ್ಣೆ ಬಣ್ಣವನ್ನೋ ವಿನೈಲ್ ಹಾಳೆಯನ್ನೋ ಮೆತ್ತಿದರೆ ತೇವಕ್ಕೆ ಹೊರಬರಲು ದಾರಿಯೇ ಇಲ್ಲ.

ನೆಲಮಾಳಿಗೆ ತುಂಬಿದ್ದರೆ ಪಂಪನ್ನು ಒಮ್ಮೆಲೇ ಖಾಲಿಯಾಗುವತನಕ ಓಡಿಸಬೇಡಿ. ಹೊರಗಿನ ಮಣ್ಣು ಇನ್ನೂ ನೀರು ಕುಡಿದೇ ಇರುತ್ತದೆ. ಒಳಗಿನ ನೀರಿನ ಆಸರೆ ತಪ್ಪಿದರೆ ಆ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ಒಂದು ಅಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ರಾತ್ರಿ ಕಳೆಯಲಿ. ಬೆಳಿಗ್ಗೆ ನೀರು ಗುರುತು ಮೀರಿ ಏರಿದ್ದರೆ ಇನ್ನೂ ಕಾಯಬೇಕೆಂದೇ ಅರ್ಥ. ಪಂಪಿಗೆ ಜನರೇಟರ್ ಬೇಕಾದರೆ ಬಾಗಿಲು, ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲೇ ಇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನೆರೆಯಿಂದ ಪಾರಾದವರು ಇದಕ್ಕೆ ಬಲಿಯಾದದ್ದುಂಟು.

ಹೂಳು ತೆಗೆಯುವ ಮೊದಲು ನೀರು ನಿಂತ ಗೆರೆ ಕಾಣುವಂತೆ ಪ್ರತಿ ಕೋಣೆಯ ಫೋಟೊ ತೆಗೆದು, ಹಾಳಾದ ಸರಕನ್ನು ಎಣಿಸಿ ಬರೆದಿಡಿ. ವಿಮೆಗೂ ಪರಿಹಾರಕ್ಕೂ ಇದೇ ಆಧಾರ. ನೆನೆದ ಲೆಕ್ಕದ ಪುಸ್ತಕಗಳನ್ನು ಬಿಸಿಲಿಗೆ ಹರಡಿದರೆ ಹಾಳೆಗಳು ಅಂಟಿಕೊಳ್ಳಬಹುದು. ಎರಡು ದಿನದೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ಹಿಡಿಯದೆ ಉಳಿಯುತ್ತವೆ, ಆಮೇಲೆ ನಿಧಾನವಾಗಿ ಒಣಗಿಸಬಹುದು.

ನೀರಿನ ಗೆರೆಗಿಂತ ಒಂದರಿಂದ ಒಂದೂವರೆ ಅಡಿ ಮೇಲಿನವರೆಗೆ ಗಿಲಾವು ಕೆತ್ತಿ ಇಟ್ಟಿಗೆ ಬಯಲು ಮಾಡಿ. ತೇವ ಗೋಡೆಯೊಳಗೆ ಮೇಲಕ್ಕೂ ಏರಿರುತ್ತದೆ. ಕೆಸರಿನ ಮೇಲೆ ಬ್ಲೀಚ್ ಸುರಿಯುವುದು ದಂಡ, ಕೊಳೆಯೇ ಅದರ ಬಲ ತಿಂದುಬಿಡುತ್ತದೆ. ಮೊದಲು ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ, ನಂತರ 4 ಲೀಟರ್ ನೀರಿಗೆ ಒಂದು ಕಪ್ ಬ್ಲೀಚ್ ಸಾಕು. ಅಮೋನಿಯಾ ಅಥವಾ ಆ್ಯಸಿಡ್ ಇರುವ ಯಾವ ಕ್ಲೀನರನ್ನೂ ಅದಕ್ಕೆ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಉಬ್ಬಿದ ಪ್ಲೈವುಡ್ ಮತ್ತು ಹಾಸಿಗೆಗಳ ಆಸೆ ಬಿಡಿ.

ಒಣಗಿಸುವಾಗ ಎಲ್ಲೆಡೆ ಕಾಣುವ ತಪ್ಪು, ಕಿಟಕಿ ತೆರೆದಿಟ್ಟು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸುವುದು. ಹಾಗೆ ಮಾಡಿದರೆ ಅದು ಹೊರಗಿನ ಗಾಳಿಯನ್ನೇ ಒಣಗಿಸುತ್ತಾ ಕೂರುತ್ತದೆ. ಒಂದೋ ಕಿಟಕಿ ತೆರೆದು ಫ್ಯಾನನ್ನು ಹೊರಮುಖವಾಗಿಡಿ, ಇಲ್ಲವೇ ಎಲ್ಲ ಮುಚ್ಚಿ ಯಂತ್ರ ಹಾಕಿ. ನೆಲ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ 16 ಗಂಟೆ ಬಿಡಿ. ಒಳಗೆ ಹನಿ ಕಟ್ಟಿದರೆ ಅಥವಾ ಕಾಂಕ್ರೀಟು ಕಪ್ಪಾದರೆ ಟೈಲ್ಸ್ ಕೆಲಸವನ್ನು ಮುಂದೂಡಿ. ಮರದ ಚೌಕಟ್ಟುಗಳ ತೇವ ಮೀಟರಿನಲ್ಲಿ ಶೇ. 15ರ ಆಸುಪಾಸಿಗೆ ಇಳಿದಿರಬೇಕು. ಬುಡದಲ್ಲಿ, ಕೀಲುಗಳಲ್ಲಿ ಅಳೆಯಿರಿ, ಕೊನೆಯಲ್ಲಿ ಒಣಗುವ ಜಾಗಗಳು ಅವೇ.

ಮುಳುಗಿದ ಎಂಸಿಬಿ (ಮಿತಿಮೀರಿ ಕರೆಂಟು ಹರಿದರೆ ಲೈನ್ ಕಡಿಯುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು), ಸಾಮಾನ್ಯ ಸ್ವಿಚ್ಚುಗಳನ್ನು ಒಣಗಿಸಿ ಮತ್ತೆ ಹಾಕಬೇಡಿ. ಒಳಗೆ ಉಳಿದ ಹೂಳಿನಿಂದ ಅವು ಬೇಕಾದ ಹೊತ್ತಿಗೆ ಟ್ರಿಪ್ ಆಗದೇ ಹೋಗಬಹುದು. ಗಿರಣಿಯ ಮೋಟಾರನ್ನಾದರೆ ಬಿಚ್ಚಿ, ತೊಳೆದು, ಒಣಗಿಸಿ, ಮೆಗ್ಗರ್‌ನಲ್ಲಿ (ತಂತಿಯ ಹೊದಿಕೆ ಕರೆಂಟು ಸೋರದಂತೆ ತಡೆಯುತ್ತಿದೆಯೇ ಎಂದು ನೋಡುವ ಮೀಟರ್) ಇನ್ಸುಲೇಶನ್ ಪರೀಕ್ಷಿಸಿ ಉಳಿಸಿಕೊಳ್ಳಲು ಸಾಧ್ಯ.

ಹಾಗಾದರೆ ಅಷ್ಟು ತಿಂಗಳು ವ್ಯಾಪಾರ ನಿಲ್ಲಬೇಕೇ? ಬೇಡ. ಗೋಡೆ ಬೋಳಾಗಿಯೇ ಇರಲಿ. ಕಬ್ಬಿಣದ ರ‍್ಯಾಕನ್ನು ಗೋಡೆಯಿಂದ ಅರ್ಧ ಅಡಿ ದೂರವಿಟ್ಟು ಅಂಗಡಿ ತೆರೆಯಬಹುದು. ನೆರವಿನ ತಂಡಗಳು ಹಂಚುವ ಅಕ್ಕಿ, ಸೋಪನ್ನು ಹೊರಗಿನಿಂದ ಲಾರಿಯಲ್ಲಿ ತರುವ ಬದಲು, ತೆರೆದ ಅಂಗಡಿಗಳಿಂದಲೇ ಕೊಳ್ಳಲಿ. ಗಿಲಾವು, ಬಣ್ಣಕ್ಕೆಂದು ಬಂದ ಹಣವನ್ನು ಬೇರೆಯಾಗಿ ತೆಗೆದಿಟ್ಟು, ಗೋಡೆ ಒಣಗಿದ ಮೇಲೆ ಮೇಸ್ತ್ರಿಯನ್ನು ಕರೆಯಲಿ.