ಕಾಟನ್, ಮಿಲ್ಕ್ ಕಾಟನ್, ಉಲ್ಲನ್: ಒಂದು ವರ್ಷ ಹೆಣೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಪ್ಪಟ ಕಾಟನ್‌ಗೆ. ಯಾಕೆ ಅಂತ ಹೇಳೋಕೆ ಸುಟ್ಟುಹೋದ ಒಂದು ಟೋಪಿಯ ಕಥೆ ಹೇಳಬೇಕು.

ಹೋದ ಸಂಕ್ರಾಂತಿಯಿಂದ ಈ ಸಂಕ್ರಾಂತಿವರೆಗೆ 14 ಉಡುಗೊರೆ ಹೆಣೆದಿದ್ದೇನೆ. ಪುಟ್ಟ ಮಕ್ಕಳ ಟೋಪಿ 5, ಮಫ್ಲರ್ 3, ಬಾಗಿಲ ತೋರಣ 2, ಅಪ್ಪನಿಗೆ ಒಂದು ತೋಳಿಲ್ಲದ ಸ್ವೆಟರ್. ಉಳಿದ ಮೂರು ಅಡುಗೆಮನೆಯ ಒರೆಸುವ ಬಟ್ಟೆ. ಇಷ್ಟರಲ್ಲಿ ನಾಲ್ಕು ಥರದ ದಾರ ನೋಡಿದ್ದಾಯಿತು. ಐದನೆಯದನ್ನೂ ಒಂದು ಕೈ ನೋಡಿದೆ, ಅದು ಆಮೇಲೆ.

ಹೊಸಬರಿಗೆ ಒಂದು ಮಾತು. ನಮ್ಮೂರಿನ ಅಂಗಡಿಗಳಲ್ಲಿ 'ಉಲ್ಲನ್' ಅಂತ ಕೇಳಿದರೆ ಕೊಡೋದು ಅಕ್ರಿಲಿಕ್. ಕುರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಪ್ಲಾಸ್ಟಿಕ್ ಜಾತಿಯ ದಾರ. ಚಿಕ್ಕಂದಿನಿಂದ ನಾವು ಹಾಕಿಕೊಂಡ 'ಉಲ್ಲನ್ ಸ್ವೆಟರ್'ಗಳಲ್ಲಿ ಬಹುಪಾಲು ಇದೇ. ನನಗೆ ಇದು ಗೊತ್ತಾದದ್ದು ಮೂವತ್ತೈದು ದಾಟಿದ ಮೇಲೆ!

ಈಗ ಟೋಪಿ. ನಾದಿನಿ ಬಾಣಂತನಕ್ಕೆ ತೀರ್ಥಹಳ್ಳಿಗೆ ಬಂದಿದ್ದಳು. ಮಗುವಿಗೆ ಕಾಟನ್ ಟೋಪಿ ಹೆಣೆದು ಕೊಡೋಣ ಅಂತ ಶಿವಮೊಗ್ಗದ ಒಂದು ಅಂಗಡಿಗೆ ಹೋದೆ. "ಮಕ್ಕಳಿಗಾ? ಹಾಗಾದ್ರೆ ಮಿಲ್ಕ್ ಕಾಟನ್ ತಗೊಳಿ ಮೇಡಂ, ಎಲ್ಲರೂ ಅದನ್ನೇ ಒಯ್ಯೋದು" ಅಂದರು. ಮುಟ್ಟಿದರೆ ಬೆಣ್ಣೆ. ಬಣ್ಣಗಳೂ ಹಾಗೇ, ತಿಳಿ ಗುಲಾಬಿ, ಪಿಸ್ತಾ, ಎಳೆ ನೀಲಿ. 50 ಗ್ರಾಂ ಉಂಡೆಗೆ 70 ರೂಪಾಯಿ. ಹೆಸರಲ್ಲೇ ಕಾಟನ್ ಇದೆಯಲ್ಲ, ಇನ್ನೇನು ಕೇಳೋದು ಅಂತ ಎರಡು ಉಂಡೆ ತಂದೆ. ಪಿಸ್ತಾ ಬಣ್ಣದ ಟೋಪಿ, ಕಿವಿ ಮುಚ್ಚೋ ಹಾಗೆ ಎರಡು ಕಡೆ ಪಟ್ಟಿ, ಪಟ್ಟಿಗೆ ಲಾಡಿ, ಲಾಡಿಯ ತುದಿಗೆ ಒಂದೊಂದು ಗೊಂಡೆ. ತೊಟ್ಟಿಲಿಗೆ ಹಾಕಿದ ದಿನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಜುಲೈ ಬಂತು. ಮಲೆನಾಡಿನ ಜುಲೈ ಗೊತ್ತಲ್ಲ, ವಾರಗಟ್ಟಲೆ ಬಿಸಿಲಿನ ಮುಖ ಕಾಣೋದಿಲ್ಲ. ಮಗುವಿನ ಬಟ್ಟೆ ಒಣಗಿಸೋಕೆ ಅತ್ತೆ ಮಾಡೋದು ಅವರ ಅತ್ತೆ ಮಾಡುತ್ತಿದ್ದದ್ದನ್ನೇ. ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಮೇಲೆ ಒಂದು ಚಿಟಿಕೆ ಲೋಬಾನ ಉದುರಿಸಿ, ಬಿದಿರಿನ ಬುಟ್ಟಿ ಬೋರಲು ಹಾಕುತ್ತಾರೆ. ಬುಟ್ಟಿಯ ಮೇಲೆ ಬಟ್ಟೆ ಹರವುತ್ತಾರೆ. ಬೆಚ್ಚಗೂ ಆಗುತ್ತದೆ, ಘಮವೂ ಬರುತ್ತದೆ.

ಆ ದಿನ ಟೋಪಿಯನ್ನೂ ಅದರ ಮೇಲೆ ಇಟ್ಟಿದ್ದಾರೆ. ಲಾಡಿಯೊಂದು ಬುಟ್ಟಿಯ ಕಣ್ಣಿನಿಂದ ಒಳಗೆ ಇಳಿದು, ಗೊಂಡೆ ಕೆಂಡದ ಹತ್ತಿರ ಜೋತಾಡಿದೆ. ಲೋಬಾನದ ಘಮದ ನಡುವೆ ಪ್ಲಾಸ್ಟಿಕ್ ಚೀಲ ಸುಟ್ಟ ವಾಸನೆ. ಓಡಿಹೋಗಿ ನೋಡಿದರೆ ಗೊಂಡೆ ಕರಗಿ, ಕಪ್ಪು ಗಟ್ಟಿ ಉಂಡೆಯಾಗಿ ಬಿದಿರಿಗೆ ಅಂಟಿಕೊಂಡಿದೆ. ಪಟ್ಟಿಯ ಅಂಚೂ ಸುರುಟಿ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಮಗು ಒಳಗೆ ತೊಟ್ಟಿಲಲ್ಲಿತ್ತು, ಪುಣ್ಯ.

ಅತ್ತೆ ಬೈಯಲಿಲ್ಲ. "ಕಾಟನ್ ಅಂತ ಹೇಳಿದ್ಯಲ್ಲೇ?" ಅಂತ ಮಾತ್ರ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಮನೆಗೆ ಬಂದು ಉಳಿದ ಉಂಡೆಯ ಲೇಬಲ್ ಬಿಚ್ಚಿ ನೋಡಿದೆ. ಮುಂದೆ ದಪ್ಪ ಅಕ್ಷರದಲ್ಲಿ ಮಿಲ್ಕ್ ಕಾಟನ್. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಕಾಟನ್ 60, ಅಕ್ರಿಲಿಕ್ 40. ಅಂಗಡಿಯವರು ಸುಳ್ಳು ಹೇಳಿರಲಿಲ್ಲ ಬಿಡಿ, ನಾನು ಕೇಳಿರಲಿಲ್ಲ. ಆಮೇಲೆ ಬೇರೆ ಬೇರೆ ಕಡೆ ನೋಡಿದೆ, ಈ ಹೆಸರಲ್ಲಿ ಮಾರುವ ದಾರಗಳಲ್ಲಿ ಬೆರಕೆಯೇ ಜಾಸ್ತಿ.

ಅಪ್ಪಟ ಕಾಟನ್ ಆಗಿದ್ದರೂ ಕೆಂಡಕ್ಕೆ ಸುಡುತ್ತಿತ್ತು, ಅದೇನು ಬೆಂಕಿಗೆ ಹೆದರಿ ಓಡೋದಿಲ್ಲ. ಆದರೆ ಅದು ಬೂದಿಯಾಗುತ್ತದೆ, ಕರಗೋದಿಲ್ಲ. ಕರಗಿದ ಅಕ್ರಿಲಿಕ್ ಚರ್ಮಕ್ಕೆ ತಾಗಿದರೆ ಅಂಟಿಕೊಳ್ಳುತ್ತದೆ. ಆ ಕಪ್ಪು ಉಂಡೆಯನ್ನು ಕೈಯಲ್ಲಿ ಹಿಡಿದ ಮೇಲೆ ಮಗುವಿನ ಟೋಪಿಗೆ ಅಕ್ರಿಲಿಕ್ ಬಳಸೋ ಧೈರ್ಯ ನನಗೆ ಉಳಿದಿಲ್ಲ.

ಈಗ ಯಾವ ದಾರ ತಂದರೂ ಮೊದಲು ಸುಟ್ಟು ನೋಡುತ್ತೇನೆ. ಒಂದು ಗೇಣು ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಬೆಂಕಿಕಡ್ಡಿ ಗೀರಬೇಕು. ಕಾಟನ್ ಆದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ಸಾಮಾನ್ಯವಾಗಿ ತಾನೇ ಆರುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿ. ಬೆರಕೆಯಾದರೆ ಬೂದಿಯೊಳಗೆ ಕಲ್ಲಿನ ಹಾಗೆ ಏನೋ ಸಿಗುತ್ತದೆ. ತುದಿ ಆರಿ ತಣ್ಣಗಾಗೋವರೆಗೆ ಮುಟ್ಟಬೇಡಿ.

ಹಾಗಂತ ಅಪ್ಪಟ ಕಾಟನ್ ಏನೂ ಸುಲಭದ್ದಲ್ಲ. ಅದಕ್ಕೆ ಎಳೆತವೇ ಇಲ್ಲ. ಟೋಪಿಯ ಅಂಚು ಹಿಗ್ಗಿ ಕುಗ್ಗಲಿ ಅಂತ ಎರಡು ಸೀದಾ, ಎರಡು ಉಲ್ಟಾ ಹೆಣಿಗೆ ಹಾಕಿದರೂ ಎರಡು ಒಗೆತಕ್ಕೆ ಸಡಿಲವಾಗುತ್ತದೆ. ನಾನು ಈಗ ಅಂಚಿಗೆ ಮಾತ್ರ ಒಂದು ಸೈಜ್ ಸಣ್ಣ ಕಡ್ಡಿ ಬಳಸುತ್ತೇನೆ, ನಾಲ್ಕು ಹೆಣಿಗೆ ಕಡಿಮೆ ಹಾಕುತ್ತೇನೆ. ಭಾರವೂ ಜಾಸ್ತಿ. ಅದೇ ದಪ್ಪದ ದಾರ 100 ಗ್ರಾಂ ತಂದರೆ ಅಕ್ರಿಲಿಕ್‌ನಷ್ಟು ಉದ್ದ ಬರೋದಿಲ್ಲ. ಅಪ್ಪನ ಸ್ವೆಟರನ್ನು ಕಾಟನ್‌ನಲ್ಲಿ ಹೆಣೆದು ತಪ್ಪು ಮಾಡಿದೆ. ಒಗೆದು ನೇತುಹಾಕಿದ ದಿನವೇ ನೀರಿನ ಭಾರಕ್ಕೆ ಮೂರು ಇಂಚು ಇಳಿಯಿತು. ಅಪ್ಪ "ನಿಲುವಂಗಿ ಚೆನ್ನಾಗಿದೆ ಪುಟ್ಟಿ" ಅಂದರು. ಇನ್ನು ಮಳೆಗಾಲದಲ್ಲಿ ಅದು ಒಣಗೋ ಕಥೆ ಕೇಳಲೇಬೇಡಿ. ಬುಟ್ಟಿ, ಕೆಂಡದ ರಗಳೆ ಶುರುವಾಗೋದೇ ಅದರಿಂದ, ಅಲ್ವಾ?

ಆದರೂ ಮಗುವಿನ ತಲೆ ಬೆವರೋದಿಲ್ಲ. ಬಿಸಿನೀರಲ್ಲಿ ಹಾಕಿದರೂ, ಕಲ್ಲಿಗೆ ಬಡಿದರೂ ತಡೆಯುತ್ತದೆ. ಒರೆಸುವ ಬಟ್ಟೆಗಂತೂ ಬೇರೆ ಮಾತೇ ಇಲ್ಲ. ಅಕ್ರಿಲಿಕ್ ನೀರು ಹೀರೋದಿಲ್ಲ, ಸುಮ್ನೆ ಕಟ್ಟೆಯ ಮೇಲೆ ನೀರನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತದೆ.

ಅಕ್ರಿಲಿಕ್ ಕಂಡರೆ ಮೂಗು ಮುರಿಯುವವರಲ್ಲಿ ನಾನಿಲ್ಲ. ನೂರು ರೂಪಾಯಿ ಒಳಗೆ 100 ಗ್ರಾಂ, ಬೇಕಾದ ಬಣ್ಣ, ಬೇಗ ಒಣಗುತ್ತದೆ, ನುಸಿ ತಿನ್ನೋದಿಲ್ಲ. ತೋರಣಕ್ಕೆ ಇದಕ್ಕಿಂತ ಒಳ್ಳೆಯದು ಬೇಡ. ಮಫ್ಲರ್‌ಗೂ ಸರಿಯೇ, ಒಂದು ಚಳಿಗಾಲ ಕಳೆಯೋದರಲ್ಲಿ ಕುತ್ತಿಗೆ ಉಜ್ಜುವ ಕಡೆ ಗಂಟುಗಂಟಾಗಿ ಜುಂಗು ಏಳುತ್ತದೆ ಅಷ್ಟೇ. ಇಸ್ತ್ರಿ ಮಾತ್ರ ಮಾಡಬೇಡಿ. ಇನ್ನೊಂದು, ಮಫ್ಲರ್‌ಗೆ ಎಷ್ಟು ಬೇಕೋ ಅಷ್ಟನ್ನೂ ಒಂದೇ ಸಲ ತನ್ನಿ. ಶೇಡ್ ನಂಬರ್ ಒಂದೇ ಇದ್ದರೂ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಬದಲಾದರೆ ಬಿಸಿಲಲ್ಲಿ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು.

ಮೆರಿನೊ, ಅಂದರೆ ಮೆರಿನೊ ಜಾತಿಯ ಕುರಿಯ ನಯವಾದ ಉಣ್ಣೆ, ಒಂದೇ ಸಲ ತರಿಸಿದ್ದು, ದೆಹಲಿಯಲ್ಲಿರುವ ಅಕ್ಕನ ಮಗನ ಟೋಪಿಗೆ. 50 ಗ್ರಾಂಗೆ 450 ರೂಪಾಯಿ. ಹೆಣೆಯುವಾಗ ಕೈಗೆ ಸಿಗುವ ಸುಖವೇ ಬೇರೆ, ಅದನ್ನು ಒಪ್ಪುತ್ತೇನೆ. ಅಕ್ಕನ ಮನೆ ಕೆಲಸದವರು ಅದನ್ನು ಬಿಸಿನೀರಿನ ವಾಷಿಂಗ್ ಮಷಿನ್‌ಗೆ ಹಾಕಿದರು. ಉಣ್ಣೆಯ ಎಳೆಯ ಮೇಲೆ ಮೀನಿನ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಹಾಗೆ ಗಟ್ಟಿಯಾಗುತ್ತವೆ. ಎಂಟು ವರ್ಷದ ಹುಡುಗನ ಟೋಪಿ ಈಗ ಗಣಪತಿ ಗೊಂಬೆಗೆ ಸರಿಯಾಗುತ್ತದೆ. ಹಾಕಿಕೊಳ್ಳೋರು ಯಾರು ಅಂತ ಮಾತ್ರ ಯೋಚಿಸಿದ್ದೆ. ಒಗೆಯೋರು ಯಾರು ಅಂತ ಕೇಳಲೇ ಇಲ್ಲ.

ಐದನೆಯದು ನಮ್ಮದೇ ಕುರಿಯ ಉಣ್ಣೆ. ಚಳ್ಳಕೆರೆ ಕಡೆ ಕಂಬಳಿ ನೇಯುವವರಿಂದ ಪರಿಚಯದವರೊಬ್ಬರು ಕೈಯಲ್ಲಿ ನೂತ ಒಂದು ಲಡಿ ತಂದುಕೊಟ್ಟರು. ಡೆಕ್ಕನಿ ಕುರಿಯ ಕಪ್ಪು ಉಣ್ಣೆ, ಬಣ್ಣ ಹಾಕಿದ್ದಲ್ಲ. ಒರಟು ಅಂದರೆ ಒರಟು, ಕುತ್ತಿಗೆಗೆ ಆಗೋದೇ ಇಲ್ಲ. ಅಜ್ಜ ಇದೇ ಉಣ್ಣೆಯ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆಗೆ ಹೋಗುತ್ತಿದ್ದರು. ಮೇಲೆ ಬಿದ್ದ ನೀರು ಜಾರಿ ಹೋಗುತ್ತಿತ್ತು. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಾರೆ, ಹೆಣಿಗೆಗೆ ಅದೆಲ್ಲ ಆಗೋ ಮಾತಲ್ಲ. ಲಡಿ ಹಾಗೇ ಇದೆ. ದೇವರ ಮುಂದೆ ಕೂರೋಕೆ ಒಂದು ಆಸನ ಹೆಣೆಯಬೇಕು.

ಕಡ್ಡಿ ವಿಷಯ ಎರಡೇ ಮಾತು. ಕಾಟನ್‌ಗೆ ಬಿದಿರಿನದು ಒಳ್ಳೆಯದು, ಅಲ್ಯೂಮಿನಿಯಂ ಮೇಲೆ ಜಾರುತ್ತದೆ. ಮತ್ತೆ ನಮ್ಮಲ್ಲಿ ಬ್ರಿಟಿಷ್ ಲೆಕ್ಕದಲ್ಲಿ ಸಿಗುವ 8 ನಂಬರ್ ಕಡ್ಡಿ 4 ಮಿ.ಮೀ., ಅಮೆರಿಕದ ಪ್ಯಾಟರ್ನ್‌ಗಳ 8 ನಂಬರ್ 5 ಮಿ.ಮೀ. ನನ್ನ ಮೊದಲ ಟೋಪಿ ಚಿಕ್ಕದಾದದ್ದು ಇದರಿಂದಲೇ.

ಹಾಗಾಗಿ ನನ್ನ ಲೆಕ್ಕ ಹೀಗೆ. ತಿಂಗಳಿಗೆ ದಾರಕ್ಕೆ 400 ರೂಪಾಯಿ, ಅದನ್ನು ದಾಟಿದರೆ ಮನೆಯಲ್ಲಿ ಜಗಳ. ಮಗುವಿಗೆ, ಅಡುಗೆಮನೆಗೆ 100 ಗ್ರಾಂಗೆ 180ರ ಅಪ್ಪಟ ಕಾಟನ್. ದೊಡ್ಡವರ ಮಫ್ಲರ್‌ಗೆ, ತೋರಣಕ್ಕೆ ಅಕ್ರಿಲಿಕ್. ಮೆರಿನೊ, ಯಾರಾದರೂ ಉಡುಗೊರೆ ಕೊಟ್ಟರೆ. ಮಿಲ್ಕ್ ಕಾಟನ್ ಉಳಿದ ಉಂಡೆಯಲ್ಲಿ ಮಗಳ ಗೊಂಬೆಗೆ ಲಂಗ ಆಯಿತು.

ಮುಂದಿನ ತಿಂಗಳು ತಂಗಿಯ ಸೀಮಂತ. ಹಳದಿ ಕಾಟನ್ ತಂದು, ಸುಟ್ಟು ನೋಡಿ, ಟೋಪಿ ಶುರು ಮಾಡಿದ್ದೇನೆ. ಈ ಸಲ ಗೊಂಡೆ ಇಲ್ಲ.